ಕನ್ನಡಕದಂಗಡಿಯವನ ಸ್ಲೈಡ್‌ಶೋ

ನನ್ನ ತಮ್ಮ ಹೇಡಿ. ಅವನ ಬೆನ್ನ ಹಿಂದೆ ಹೇಳುತ್ತಿರುವ ಮಾತಲ್ಲ ಇದು. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವನೂ ಪ್ರತಿ ಸಲ ‘ಹೌದಕ್ಕ’ ಎಂದು ಒಪ್ಪಿಕೊಂಡಿದ್ದಾನೆ. ಹಾಗೆ ಒಪ್ಪಿಕೊಳ್ಳುವುದೂ ಅವನ ಹೇಡಿತನದ್ದೇ ಒಂದು ಬಗೆ.

ನಾಯಿ, ಕತ್ತಲೆ, ಪೊಲೀಸರು, ಆಸ್ಪತ್ರೆಯ ಸೂಜಿ ಯಾವುದಕ್ಕೂ ಅವನು ಹೆದರುವವನಲ್ಲ. ಅಂಗಡಿಯ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿಕೊಂಡಾಗ ಬೀದಿಗೆ ಬೀದಿಯೇ ಹೊರಗೆ ನಿಂತು ಕಿರುಚುತ್ತಿತ್ತು. ಅವನೊಬ್ಬನೇ ಒಳಗೆ ಹೋಗಿ ಮರಳು ಎರಚಿ ಬಂದ. ಅವನು ಹೆದರುವುದು ಎದುರಿಗಿರುವವರ ಮುಖ ಸಪ್ಪಗಾಗುವುದಕ್ಕೆ. ಅದೊಂದಕ್ಕೆ ಅವನ ಪ್ರಾಣವೇ ಹೋಗುತ್ತದೆ. ನಮ್ಮ ಬೀದಿಯಲ್ಲಿ ಇಬ್ಬರು ಕ್ಷೌರಿಕರಿದ್ದಾರೆ. ಇಬ್ಬರಿಗೂ ಬೇಸರವಾಗಬಾರದೆಂದು ಹದಿನೈದು ದಿನಕ್ಕೊಮ್ಮೆ ಸರದಿಯಂತೆ ಇಬ್ಬರ ಹತ್ತಿರವೂ ತಲೆ ಕೊಡುತ್ತಾನೆ. ಆ ತಲೆಯಲ್ಲಿ ಈಗ ಕತ್ತರಿಸಲು ಇರುವುದು ಕಿವಿಯ ಮೇಲಿನ ಎರಡು ಕುಚ್ಚು ಮಾತ್ರ. ದರ್ಜಿ ಗಿಡ್ಡ ಹೊಲಿದುಕೊಟ್ಟ ಪ್ಯಾಂಟನ್ನು ‘ಬಹಳ ಚೆನ್ನಾಗಿದೆ’ ಎಂದು ಹಾಕಿಕೊಂಡು ಎರಡು ವರ್ಷ ಓಡಾಡಿದ. ದರ್ಜಿ ಅದನ್ನು ನೋಡಿ ಖುಷಿಪಟ್ಟು ಮುಂದಿನ ಪ್ಯಾಂಟನ್ನೂ ಅದೇ ಅಳತೆಗೆ ಹೊಲಿದ.

ಅಂಥವನಿಗೆ ಹೇಳಿ ಮಾಡಿಸಿದಂಥ ಉದ್ಯೋಗ ಸಿಕ್ಕಿತು. ಅವನು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ನಾನು ಮಹಡಿಯ ಮೇಲಿದ್ದೇನೆ, ಕೆಳಗೆ ಅವನ ಮನೆ, ಮನೆಯ ಮುಂಭಾಗದಲ್ಲೇ ಅಂಗಡಿ. ಪರೀಕ್ಷೆಯ ಕೋಣೆ ಅಕ್ಷರದ ಹಲಗೆಗೆ ಬೇಕಾದಷ್ಟು ಉದ್ದವಿಲ್ಲ. ಹಾಗಾಗಿ ಹಲಗೆಯನ್ನು ಕುರ್ಚಿಯ ಹಿಂದೆ, ಕೂತವರ ತಲೆಯ ಮೇಲೆ ತಿರುಗುಮುರುಗಾಗಿ ತೂಗುಹಾಕಿ, ಎದುರಿನ ಗೋಡೆಯ ಕನ್ನಡಿಯಲ್ಲಿ ಅದನ್ನು ಓದಿಸುತ್ತಾನೆ. ಕೂತವರ ಮೂಗಿಗೆ ದುಂಡನೆಯ ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ಒಂದೊಂದೇ ಲೆನ್ಸ್ ಹಾಕಿ ತೆಗೆದು, ‘ಇದು ಚೆನ್ನಾಗಿ ಕಾಣುತ್ತೋ, ಇದೋ?’ ಎಂದು ಕೇಳುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಆರಿಸುತ್ತಾರೆ, ಇವನು ಬರೆದುಕೊಳ್ಳುತ್ತಾನೆ. ಮೂವತ್ತೈದು ವರ್ಷದಿಂದ ಅವನಷ್ಟು ನೆಮ್ಮದಿಯಾಗಿ ದುಡಿದವರನ್ನು ನಾನು ಕಂಡಿಲ್ಲ.

ಇಷ್ಟೇ ಆಗಿದ್ದರೆ ಹೇಡಿ ಎನ್ನದೆ ‘ಮೆದು ಮನುಷ್ಯ’ ಎಂದು ಸುಮ್ಮನಾಗಬಹುದಿತ್ತು. ಬೀದಿಯವರು ಹಾಗೇ ಕರೆಯುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೊಂದು ನನಗೆ ಗೊತ್ತಿದೆ.

ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು ಇನ್ನೊಬ್ಬಳು. ಎಲ್ಲರಿಗಿಂತ ಒಂದು ತಲೆ ಎತ್ತರ, ಆದ್ದರಿಂದ ಆಸ್ಪತ್ರೆಗೆಲ್ಲ ಆಕೆ ‘ಉದ್ದನೆ ಸಿಸ್ಟರ್’. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ನಿಂತು ಕೆಲಸ ಮಾಡಿದರು. ಒಂದೇ ಡಬ್ಬಿಯಲ್ಲಿ ಉಂಡರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ರಜೆ ಹಾಕಿದಳು. ಹನ್ನೊಂದು ವರ್ಷದ ಹಿಂದೆ ಉದ್ದನೆ ಸಿಸ್ಟರ್‌ಗೆ ಸೂಜಿಗೆ ದಾರ ಪೋಣಿಸುವಾಗ ಕಣ್ಣು ತಪ್ಪತೊಡಗಿತು. ಗೆಳತಿಯ ಗಂಡನೇ ಕನ್ನಡಕದವನಲ್ಲವೇ, ಅಂಗಡಿಗೆ ಬಂದು ತೋರಿಸಿದಳು. ನನ್ನ ತಮ್ಮ ನೋಡಿದ. ಬಲಗಣ್ಣಿನಲ್ಲಿ ಪೊರೆ ಶುರುವಾಗಿತ್ತು. ಆ ವಾರ ಆಕೆಯ ತಾಯಿ ಕಾಯಿಲೆ ಬಿದ್ದಿದ್ದರಂತೆ, ಆಕೆಯ ಮುಖ ಮೊದಲೇ ಬಾಡಿತ್ತಂತೆ. ‘ಏನೂ ಇಲ್ಲ ಸಿಸ್ಟರ್, ಕಣ್ಣು ಚೆನ್ನಾಗಿದೆ, ಸ್ವಲ್ಪ ಸುಸ್ತು ಅಷ್ಟೇ’ ಎಂದು ಕಳಿಸಿಬಿಟ್ಟ. ಸಂಜೆ ಹೆಂಡತಿ ಕೇಳಿದಾಗ ನಿಜ ಹೇಳಿದ: ‘ಅಷ್ಟು ಸರಿಯಿಲ್ಲ, ಥಿಯೇಟರಿನ ಕೆಲಸ ಕಷ್ಟವಾಗಬಹುದು.’

ಹೆಂಡತಿ ತನಗೆ ಸರಿ ಎನಿಸಿದ್ದನ್ನು ಮಾಡಿದಳು. ಮೇಜಿನ ಮೇಲೆ ಮಲಗಿರುವ ರೋಗಿಯ ಹೊಟ್ಟೆ ತೆರೆದಿರುವಾಗ ದಾಕ್ಷಿಣ್ಯ ನಡೆಯುವುದಿಲ್ಲ. ಮೇಲಿನವರಿಗೆ ಹೇಳಿದಳು, ಆಸ್ಪತ್ರೆಯವರೇ ಪರೀಕ್ಷೆ ಮಾಡಿಸಿದರು, ಉದ್ದನೆ ಸಿಸ್ಟರನ್ನು ನೆಲಮಾಳಿಗೆಯ ಬಟ್ಟೆ ವಿಭಾಗಕ್ಕೆ ಹಾಕಿದರು. ಹಾಸಿಗೆ ಹೊದಿಕೆ, ಗೌನು, ದಿಂಬಿನ ಚೀಲ ಎಣಿಸುವ ಕೆಲಸ. ಆಕೆ ಮೇಲೆ ಹತ್ತಿ ಬಂದು ಎಲ್ಲರ ಎದುರಿಗೆ ಕೇಳಿದಳಂತೆ: ‘ನಿನ್ನ ಗಂಡನೇ ನನ್ನ ಕಣ್ಣು ನೋಡಿ ಚೆನ್ನಾಗಿದೆ ಅಂದ್ರು. ಹದಿನೈದು ದಿನದಲ್ಲಿ ಕೆಟ್ಟುಹೋಯ್ತಾ? ನನಗೆ ಬರಬೇಕಿದ್ದ ಹಿರಿಯ ನರ್ಸಿನ ಕುರ್ಚಿ ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತಲ್ಲ, ಬಿಟ್ಟುಕೊಡ್ತಿದ್ದೆ.’

ಹೆಂಡತಿ ಮನೆಗೆ ಬಂದು ಗಂಡನನ್ನು ನಿಲ್ಲಿಸಿ ಕೇಳಿದಳು: ‘ಅವಳಿಗೆ ಹಾಗೆ ಹೇಳಿದ್ರಾ?’

‘ಹಾಗೆಲ್ಲ ಹೇಳಿದ ನೆನಪಿಲ್ಲ’ ಎಂದ ನನ್ನ ತಮ್ಮ.

ಆಮೇಲೆ ಮೆಟ್ಟಿಲು ಹತ್ತಿ ಬಂದು ನನ್ನ ಹತ್ತಿರ ಎಲ್ಲ ಕಕ್ಕಿದ. ‘ಈಗಲೇ ಕೆಳಗೆ ಹೋಗಿ ಹೇಳು’ ಎಂದೆ. ‘ನಾಳೆ ಹೇಳ್ತೀನಕ್ಕ’ ಎಂದ. ಆ ನಾಳೆ ಹನ್ನೊಂದು ವರ್ಷ ಎಳೆಯಿತು. ಉದ್ದನೆ ಸಿಸ್ಟರ್ ಆಮೇಲೆ ಪೊರೆ ತೆಗೆಸಿಕೊಂಡು ಬೇರೆ ಬೀದಿಯ ಅಂಗಡಿಯಲ್ಲಿ ಕನ್ನಡಕ ಮಾಡಿಸಿಕೊಂಡಳು, ಅಷ್ಟರಲ್ಲಿ ಥಿಯೇಟರಿನಲ್ಲಿ ಆಕೆಯ ಜಾಗ ತುಂಬಿಹೋಗಿತ್ತು. ಒಂದೇ ಕಟ್ಟಡದಲ್ಲಿ ಇಬ್ಬರೂ ಲಿಫ್ಟು ಬಿಟ್ಟು ಮೆಟ್ಟಿಲು, ಮೆಟ್ಟಿಲು ಬಿಟ್ಟು ಲಿಫ್ಟು ಹಿಡಿದು ತಪ್ಪಿಸಿಕೊಂಡು ಓಡಾಡಿದರು. ತಮ್ಮನ ಹೆಂಡತಿ ಇವತ್ತಿಗೂ ಅಂದುಕೊಂಡಿರುವುದು, ತನ್ನ ಗೆಳತಿ ಎಲ್ಲರೆದುರು ಸುಳ್ಳು ಹೇಳಿ ತನ್ನ ಮಾನ ಕಳೆದಳು ಎಂದು.

ಹೀಗಿರುವಾಗ ಈ ವರ್ಷ ತಮ್ಮನ ಹೆಂಡತಿಯ ನಿವೃತ್ತಿ ಬಂತು. ನರ್ಸುಗಳ ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ‘ಮೈಕು’ ಎನ್ನುತ್ತಾರೆ. ಆಕೆಯ ಗುಟ್ಟಿನ ಮಾತು ಮೂರು ವಾರ್ಡಿಗೆ ಕೇಳಿಸುತ್ತದೆ. ಒಂದು ಬೆಳಿಗ್ಗೆ ಅಂಗಡಿಗೆ ಬಂದು ನಿಂತಳು.

‘ಏನ್ ಸಾರ್, ನಿಮ್ಮ ಮನೆಯವರಿಗೆ ಬೀಳ್ಕೊಡುಗೆ. ಹದಿನೈದು ನಿಮಿಷದ ಸ್ಲೈಡ್‌ಶೋ ನಿಮ್ಮ ಜವಾಬ್ದಾರಿ. ಮೊದಲ ದಿನದಿಂದ ಕೊನೆ ದಿನದವರೆಗೆ ಎಲ್ಲಾ ಫೋಟೋ. ಹಾಡು ಜೋರಾಗಿರ್ಲಿ. ಕಳೆದ ಸಲ ಅಡುಗೆಮನೆ ಮೇಲ್ವಿಚಾರಕರದು ಮಾಡಿದ್ರು, ಹಾಡು ಯಾರಿಗೂ ಕೇಳಿಸ್ಲೇ ಇಲ್ಲ.’

‘ನೀವು ಮಾತಾಡ್ತಾ ಇದ್ರೇನೋ’ ಎಂದೆ. ನಾನು ಕನ್ನಡಕದ ಕಾಲು ಸರಿಮಾಡಿಸಲು ಕೂತಿದ್ದೆ.

‘ಇದ್ದೆ ಮೇಡಂ, ಅದಕ್ಕೇ ಜೋರಾಗಿರ್ಲಿ ಅಂದಿದ್ದು.’

ನನ್ನ ತಮ್ಮ ‘ಆಯ್ತು’ ಎಂದ. ಅವನು ಇನ್ನೇನು ಹೇಳಿಯಾನು?

ಸಂಜೆ ಅವನ ಹೆಂಡತಿ ಅಲ್ಮಾರಿಯಿಂದ ಫೋಟೋ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು. ‘ಇನ್ನೂರ ಹನ್ನೆರಡಿವೆ. ಅವಳಿರೋದು ಒಂದೂ ಬೇಡ.’

ಅವಳು ಹೊರಟುಹೋದ ಮೇಲೆ ನಾನೂ ಅವನೂ ಎಣಿಸಿದೆವು. ಉದ್ದನೆ ಸಿಸ್ಟರ್ ಇಲ್ಲದ ಫೋಟೋಗಳು ಮೂವತ್ತೊಂದು.

ಮೈಕು ಎಲ್ಲ ಬೇಕು ಎಂದಿದ್ದಾಳೆ, ಹೆಂಡತಿ ಮೂವತ್ತೊಂದೇ ಸಾಕು ಎಂದಿದ್ದಾಳೆ. ಬೇರೆಯವನಾಗಿದ್ದರೆ ಒಬ್ಬರಿಗೆ ಆಗುವುದಿಲ್ಲ ಎನ್ನುತ್ತಿದ್ದ. ಇವನು ಸಾಫ್ಟ್‌ವೇರ್ ಹುಡುಕಲು ಕೂತ. ಎಲ್ಲೋ ಒಂದು ಕಡೆ, ಎಲ್ಲರ ಮುಖವನ್ನೂ ಅರಳಿಸುವ ಸಾಫ್ಟ್‌ವೇರನ್ನು ಯಾರೋ ಪುಣ್ಯಾತ್ಮ ಬರೆದಿಟ್ಟಿರುತ್ತಾನೆ ಎಂದು ಅವನ ನಂಬಿಕೆ. ಮೂರು ವಾರ ಟೈಮಿತ್ತು.

ಮೊದಲು ಸಿಕ್ಕಿದ್ದರಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರುವುದಕ್ಕೆ ನಾನೂರು ಬಗೆಗಳಿದ್ದವು. ಪುಟ ಮಗುಚಿದಂತೆ, ಗುಳ್ಳೆ ಒಡೆದಂತೆ, ಕಿಟಕಿಯ ಪರದೆ ಸರಿದಂತೆ. ಯಾವುದನ್ನು ಬಿಟ್ಟರೂ ಅದಕ್ಕೆ ಬೇಸರವಾದೀತು ಎಂಬಂತೆ ಅವನು ಒಂದನ್ನೂ ಬಿಡಲಿಲ್ಲ. ಆಪರೇಷನ್ ಮೇಜು ಗುಲಾಬಿ ಎಸಳುಗಳಾಗಿ ಉದುರಿತು. ಮುಖ್ಯ ಶಸ್ತ್ರವೈದ್ಯರು ಬುಗುರಿಯಂತೆ ಗಿರಗಿರ ತಿರುಗಿ ಒಂದು ಹೃದಯದ ಆಕಾರದೊಳಗೆ ಹೋಗಿ ಕೂತರು.

‘ರೀ, ನಾನು ರಿಟೈರ್ ಆಗ್ತಿದೀನಿ. ನನಗೆ ಮದುವೆ ಮಾಡ್ತಿಲ್ಲ’ ಎಂದಳು ಹೆಂಡತಿ. ‘ಅದೂ ಆ ಡಾಕ್ಟರ ಜೊತೆ.’

ಎರಡನೆಯದು ಗಂಭೀರವಾಗಿತ್ತು, ಪುಕ್ಕಟೆಯಾಗಿಯೂ ಇತ್ತು. ಆದರೆ ಪ್ರತಿ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ದಪ್ಪಕ್ಷರದಲ್ಲಿ ‘ಪರೀಕ್ಷಾರ್ಥ ಪ್ರತಿ’ ಎಂದು ಬರುತ್ತಿತ್ತು. ಹೆಚ್ಚಿನವರಿಗೆ ಅದು ಸರಿಯಾಗಿ ಹಣೆಯ ಮೇಲೆಯೇ ಬೀಳುತ್ತಿತ್ತು. ಅಂಗಡಿಗೆ ಬಂದ ಮೈಕು ಅದನ್ನು ನೋಡಿ, ‘ಹಾಗೇ ಇರ್ಲಿ ಬಿಡಿ ಸಾರ್. ನಮ್ಮಲ್ಲಿ ಕೆಲವರಿಗೆ ಸರಿಯಾಗೇ ಹೊಂದುತ್ತೆ’ ಎಂದಳು.

ಮೂರನೆಯದು ಹಾಡಿನ ತಾಳಕ್ಕೆ ತಕ್ಕಂತೆ ಚಿತ್ರಗಳನ್ನು ತಾನೇ ಓಡಿಸುವಂಥದ್ದು. ಚುರುಕಿನ ಹಾಡು ಹಾಕಿದರೆ ಮೂವತ್ತಮೂರು ವರ್ಷದ ಸೇವೆ ಎರಡೇ ನಿಮಿಷಕ್ಕೆ ಮುಗಿದುಹೋಯಿತು. ನಿಧಾನದ್ದು ಹಾಕಿದರೆ ಅರಿವಳಿಕೆಯ ಡಾಕ್ಟರು ಅರ್ಧ ಕಣ್ಣು ಮುಚ್ಚಿ, ಬಾಯಿ ತೆರೆದು, ನಲವತ್ತು ಸೆಕೆಂಡು ಪರದೆಯ ಮೇಲೆ ನಿಂತರು.

‘ಪಾಪ, ಔಷಧಿ ಅವರೇ ಕುಡಿದ ಹಾಗಿದೆ’ ಎಂದಳು ಹೆಂಡತಿ. ನಕ್ಕಳು ಕೂಡ. ಆ ಮೂರು ವಾರದಲ್ಲಿ ನಾನು ಅವಳ ನಗು ಕಂಡಿದ್ದು ಅದೊಂದೇ ಸಲ.

ಪ್ರತಿಯೊಂದರಲ್ಲೂ ಅವನು ಎರಡೆರಡು ಮಾದರಿ ಮಾಡುತ್ತಿದ್ದ. ಲ್ಯಾಪ್‌ಟಾಪನ್ನು ಪರೀಕ್ಷೆಯ ಕುರ್ಚಿಯ ಎದುರಿಗಿಟ್ಟು, ಬಂದ ಗಿರಾಕಿಗಳನ್ನೆಲ್ಲ ‘ಇದು ಚೆನ್ನಾಗಿದೆಯೋ, ಇದೋ?’ ಎಂದು ಕೇಳತೊಡಗಿದ. ಕನ್ನಡಕ ಒಡೆದುಕೊಂಡು ಗೋಡೆ ಸವರಿಕೊಂಡು ಬಂದವರನ್ನೂ ಬಿಡಲಿಲ್ಲ. ಒಬ್ಬ ಲಾರಿ ಚಾಲಕ ಹತ್ತು ನಿಮಿಷ ನೋಡಿ, ‘ಎರಡೂ ಮಬ್ಬಾಗಿದೆ ಸ್ವಾಮಿ, ಮೊದಲು ನನ್ನ ಲೆನ್ಸು ಕೊಡಿ’ ಎಂದ. ಇವನು ಅದನ್ನೂ ಒಂದು ಅಭಿಪ್ರಾಯವೆಂದು ಚೀಟಿಯಲ್ಲಿ ಬರೆದುಕೊಂಡ. ಶನಿವಾರ ಆ ಚೀಟಿಯನ್ನು ನನಗೆ ತಂದು ತೋರಿಸಿದ: ಮೊದಲನೆಯದಕ್ಕೆ ಹತ್ತೊಂಬತ್ತು ಮತ, ಎರಡನೆಯದಕ್ಕೆ ಹತ್ತೊಂಬತ್ತು.

‘ಮೂವತ್ತೊಂಬತ್ತನೇ ಮತ ನಿನ್ನದು’ ಎಂದೆ.

‘ನಾನು ಹಾಕಿದ್ರೆ ಹತ್ತೊಂಬತ್ತು ಜನಕ್ಕೆ ಬೇಜಾರಾಗುತ್ತಲ್ಲಕ್ಕ.’

ಅವರ್ಯಾರೂ ಆ ಸಭೆಗೆ ಬರುವವರೇ ಆಗಿರಲಿಲ್ಲ.

ನಾಲ್ಕನೆಯದು ಫೋನಿನಲ್ಲಿರುವಂಥದ್ದು. ಏನನ್ನೂ ಆರಿಸಬೇಕಿಲ್ಲ, ಫೋಟೋಗಳನ್ನು ಅದರ ಬಾಯಿಗೆ ಸುರಿದರೆ ತಾನೇ ಮುಖಗಳನ್ನು ಗುರುತಿಸಿ, ತಾನೇ ಹಾಡು ಹಾಕಿ, ಮೂರು ನಿಮಿಷದಲ್ಲಿ ಸಿದ್ಧಮಾಡಿ ಕೊಡುತ್ತದೆ. ನನ್ನ ತಮ್ಮನಿಗೆ ಸ್ವರ್ಗ ಸಿಕ್ಕಂತಾಯಿತು. ಇನ್ನೂರ ಹನ್ನೆರಡನ್ನೂ ಸುರಿದ. ಅದು ಎಲ್ಲಕ್ಕಿಂತ ಹೆಚ್ಚು ಸಲ ಸ್ಪಷ್ಟವಾಗಿ ಕಂಡ ಮುಖವನ್ನು ಕಥಾನಾಯಕಿ ಮಾಡಿತು. ಎತ್ತರದವಳಾದ್ದರಿಂದ ಗುಂಪಿನಲ್ಲಿ ಎಲ್ಲರ ತಲೆಯ ಮೇಲೆ ಎದ್ದು ಕಾಣುತ್ತಿದ್ದುದು ಉದ್ದನೆ ಸಿಸ್ಟರ್. ತಮ್ಮನ ಹೆಂಡತಿ ಆ ಕಾಲದಲ್ಲಿ ಕ್ಯಾಮೆರಾ ಕಂಡ ಕೂಡಲೇ ಕಣ್ಣು ಮುಚ್ಚುವವಳು. ಕೊಳಲಿನ ಹಿಮ್ಮೇಳದಲ್ಲಿ ಉದ್ದನೆ ಸಿಸ್ಟರ್ ನಕ್ಕಳು, ಉದ್ದನೆ ಸಿಸ್ಟರ್ ಕೈಗವಸು ಹಾಕಿಕೊಂಡಳು, ಉದ್ದನೆ ಸಿಸ್ಟರ್ ಮಗುವೊಂದನ್ನು ಎತ್ತಿಕೊಂಡಳು. ಆ ಮಗು ನನ್ನ ತಮ್ಮನ ಮಗಳು. ಯಂತ್ರಕ್ಕೆ ಜಗಳ ಗೊತ್ತಿರಲಿಲ್ಲ, ಎಣಿಕೆ ಮಾತ್ರ ಗೊತ್ತಿತ್ತು. ನಾನು ಜೀವಮಾನವಿಡೀ ಸಂಖ್ಯಾಶಾಸ್ತ್ರ ಕಲಿಸಿದವಳು, ಅದರ ಎಣಿಕೆಯಲ್ಲಿ ನನಗೆ ತಪ್ಪು ಕಾಣಲಿಲ್ಲ.

ಅದನ್ನು ಹೆಂಡತಿಗೆ ತೋರಿಸುವ ಧೈರ್ಯ ಅವನಿಗೆ ಬರಲಿಲ್ಲ. ಐದನೆಯದಕ್ಕೆ ಹೋದ.

ಐದನೆಯದು ಅಳಿಸುವ ಸಾಫ್ಟ್‌ವೇರ್. ಫೋಟೋದಲ್ಲಿ ಬೇಡವಾದವರ ಸುತ್ತ ಬೆರಳಿನಿಂದ ಗೆರೆ ಎಳೆದರೆ ಅವರು ಮಾಯ. ಅವರಿದ್ದ ಜಾಗದಲ್ಲಿ ಗೋಡೆಯೋ ಬಾಗಿಲೋ ತಾನಾಗಿ ಬೆಳೆದುಕೊಳ್ಳುತ್ತದೆ. ಇದೇ ಸರಿ ಎನ್ನಿಸಿತು ಅವನಿಗೆ: ಮೈಕು ಕೇಳಿದಂತೆ ಎಲ್ಲ ಫೋಟೋಗಳೂ ಇರುತ್ತವೆ, ಹೆಂಡತಿ ಕೇಳಿದಂತೆ ಆಕೆ ಇರುವುದಿಲ್ಲ. ನಾಲ್ಕು ದಿನ ಕೂತು ಗೆರೆ ಎಳೆದ. ಐದನೆಯ ದಿನ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆ ಕಾಫಿ ಕೊಟ್ಟು, ಕೂರಿಸಿ, ತೋರಿಸಿದ. ನನ್ನನ್ನೂ ಕರೆದಿದ್ದ. ಬೈಗುಳ ಇಬ್ಬರಿಗೂ ಹಂಚಿಹೋಗಲಿ ಎಂದಿರಬೇಕು.

ಏಳನೆಯ ಫೋಟೋಗೆ ಅವಳು ಲೋಟ ಕೆಳಗಿಟ್ಟಳು.

‘ಇದು ಯಾರ ಕೈ?’

ಫೋಟೋದಲ್ಲಿ ಅವಳೊಬ್ಬಳೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಎಡಭುಜದ ಮೇಲೆ ಒಂದು ಕೈ ಕೂತಿತ್ತು. ಮಣಿಕಟ್ಟಿನವರೆಗೆ ಕೈ, ಅಲ್ಲಿಂದಾಚೆಗೆ ಸುಣ್ಣ ಹೊಡೆದ ಗೋಡೆ.

‘ಅದು… ಬೆರಳು ಸ್ವಲ್ಪ ಜಾರಿರಬೇಕು’ ಎಂದ ನನ್ನ ತಮ್ಮ. ‘ತೆಗೆದುಬಿಡ್ತೀನಿ ಇರು.’

ಅಲ್ಲೇ ಗೆರೆ ಎಳೆದು ಒತ್ತಿದ. ಕೈ ಹೋಯಿತು. ಜೊತೆಗೆ ಹೆಂಡತಿಯ ಎಡಭುಜವೂ ಹೋಗಿ ಅಲ್ಲಿ ಗೋಡೆ ಬೆಳೆಯಿತು.

‘ಈಗ ನನ್ನ ಭುಜ ಎಲ್ಲಿ?’

‘ಹಿಂದಕ್ಕೆ ತರಬಹುದು. ಭುಜ ತಂದ್ರೆ ಕೈಯೂ ಬರುತ್ತೆ. ನಿನಗೆ ಭುಜ ಬೇಕೋ, ಇಲ್ಲಾ…’

‘ರೀ, ಸಾಕು.’ ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಅವಳು ಕೂಗಾಡುವವಳಲ್ಲ, ಥಿಯೇಟರಿನಲ್ಲಿ ಕೂಗಾಡುವವರು ಉಳಿಯುವುದಿಲ್ಲ. ‘ಸ್ಲೈಡ್‌ಶೋ ಬೇಡ. ಕೇಕು ಕತ್ತರಿಸಿ, ಎರಡು ಮಾತಾಡಿ ಮನೆಗೆ ಬರ್ತೀನಿ. ಅತ್ತಿಗೆ, ನೀವೇ ಹೇಳಿ, ಮೊದಲ ಇಪ್ಪತ್ತೆರಡು ವರ್ಷ ತೆಗೆದ್ರೆ ನನ್ನ ಹತ್ರ ತೋರಿಸೋಕೆ ಇರೋದೇನು? ಮೂವತ್ತೊಂದು ಫೋಟೋ. ಅದರಲ್ಲೂ ಅರ್ಧದಲ್ಲಿ ಬಾಯಿಗೆ ಮಾಸ್ಕು. ಯಾರ ನಿವೃತ್ತಿ ಅಂತ ಯಾರಿಗೆ ಗೊತ್ತಾಗುತ್ತೆ? ಇಡೋಣ ಅಂದ್ರೆ ಅವಳ ಮುಖ ನೋಡ್ತಾ ಹದಿನೈದು ನಿಮಿಷ ಕೂರಬೇಕು. ಎಲ್ಲರೆದುರು ಸುಳ್ಳಾಡಿದ ಮುಖ.’

ಅವಳು ಹೊರಟುಹೋದಳು. ನನ್ನ ತಮ್ಮ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಪರದೆಯಲ್ಲಿ ಭುಜವಿಲ್ಲದ ಹೆಂಡತಿ ನಗುತ್ತಿದ್ದಳು.

‘ನೀನು ಹುಡುಕ್ತಿರೋದು ಸಾಫ್ಟ್‌ವೇರ್ ಅಲ್ಲ’ ಎಂದೆ. ‘ಬಾಯಿ ಬಿಡದೇ ಪಾರಾಗೋ ದಾರಿ.’

‘ಹೌದಕ್ಕ.’

‘ಅವಳು ಮನೆಯಲ್ಲಿ ಕೂತಮೇಲೆ ಆ ಇಬ್ಬರೂ ಒಂದೇ ಸೂರಿನ ಕೆಳಗೆ ಇನ್ನೆಲ್ಲಿ ಸೇರ್ತಾರೆ? ಶುಕ್ರವಾರದ ಸಭೆ ಆಯ್ತು ಅಂದ್ರೆ ಮುಗೀತು. ಆಮೇಲೆ ನೀನು ಹೇಳಿದರೂ ಒಂದೇ, ಬಿಟ್ಟರೂ ಒಂದೇ.’

‘ಹೌದಕ್ಕ.’ ಲ್ಯಾಪ್‌ಟಾಪು ಮುಚ್ಚಿ, ‘ನೀನೇ ಹೇಳಿಬಿಡ್ತೀಯಾ?’ ಎಂದ.

‘ನಾನು ಹೇಳೋದಾಗಿದ್ದರೆ ಹನ್ನೊಂದು ವರ್ಷದ ಹಿಂದೆಯೇ ಹೇಳ್ತಿದ್ದೆ.’

ಯಾಕೆ ಹೇಳಲಿಲ್ಲ ಎಂದು ಓದುವವರು ಕೇಳಬಹುದು. ತಪ್ಪು ಮಾಡಿದವನ ಬಾಯಿಂದಲೇ ಬರಬೇಕಾದ ಮಾತು ಅದು ಎಂದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ ಎಂಬುದೂ ನಿಜ.

ಅವನು ಕೊನೆಗೆ ಮಾಡಿದ್ದೇನೆಂದರೆ, ಮತ್ತೆ ಎರಡು ಮಾದರಿ. ಹೆಂಡತಿ ಬೇಡವೆಂದರೂ ಮೈಕು ಬಿಡುವವಳಲ್ಲ, ಪ್ರೊಜೆಕ್ಟರ್ ಆಗಲೇ ಕೇಳಿ ಇಟ್ಟಿದ್ದಳು. ಎಲ್ಲಕ್ಕಿಂತ ಸಪ್ಪೆಯಾದ ಸಾಫ್ಟ್‌ವೇರೊಂದನ್ನು ಹುಡುಕಿಕೊಂಡ. ಒಂದು ಚಿತ್ರ ಹೋಗುತ್ತದೆ, ಇನ್ನೊಂದು ಬರುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ಒಂದರಲ್ಲಿ ಮೂವತ್ತೊಂದು ಫೋಟೋ, ಇನ್ನೊಂದರಲ್ಲಿ ಇನ್ನೂರ ಹನ್ನೆರಡು. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಶುಕ್ರವಾರ ಮಧ್ಯಾಹ್ನ ಹೊರಟ. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ‘ಯಾವುದು ಹಾಕ್ಲಿ ಅಕ್ಕ?’ ಎಂದು ಏಳು ಸಲ ಕೇಳಿದ. ನಾನು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಸಭೆ ಮೂರೂವರೆಗೆ. ನಾವು ಮುಟ್ಟಿದಾಗ ಮೂರು ಗಂಟೆ. ಎರಡನೆಯ ಅಂತಸ್ತಿನ ತರಬೇತಿ ಕೋಣೆ. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಎದೆ ಒತ್ತಿ ಕಲಿಯುವ ರಬ್ಬರಿನ ಬೊಂಬೆ, ಗೋಡೆಯ ಮೇಲೆ ಕೈ ತೊಳೆಯುವ ಏಳು ಹಂತಗಳು. ಪ್ರೊಜೆಕ್ಟರಿಗೆ ಪರದೆಯಿಲ್ಲ. ಇಂಥ ಸಂದರ್ಭದಲ್ಲಿ ಬಟ್ಟೆ ವಿಭಾಗದಿಂದ ಇಸ್ತ್ರಿ ಮಾಡಿದ ದೊಡ್ಡ ಬಿಳಿ ಹೊದಿಕೆ ತರಿಸಿ ತೂಗುಹಾಕುವುದು ಆ ಆಸ್ಪತ್ರೆಯ ಪದ್ಧತಿಯಂತೆ. ಅದನ್ನು ತೂಗುಹಾಕಲು ಬಂದಿದ್ದವಳು ಉದ್ದನೆ ಸಿಸ್ಟರ್. ಅಷ್ಟು ಎತ್ತರವಿದ್ದರೂ ಆ ಸೂರಿಗೆ ಏಣಿ ಬೇಕು. ಏಣಿಯ ಆರನೆಯ ಮೆಟ್ಟಿಲ ಮೇಲೆ ನಿಂತು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಹೊದಿಕೆಯ ಅಂಚನ್ನು ತಂತಿಗೆ ಸಿಕ್ಕಿಸುತ್ತಿದ್ದಳು. ತಮ್ಮನ ಹೆಂಡತಿ ಅದೇ ಕೋಣೆಯ ಇನ್ನೊಂದು ತುದಿಯಲ್ಲಿ, ಆಕೆಗೆ ಬೆನ್ನು ಮಾಡಿ, ಕುರ್ಚಿ ಬಿಡಿಸಿ ಬಿಡಿಸಿ ಸಾಲು ಹಾಕುತ್ತಿದ್ದಳು. ತನ್ನ ಬೀಳ್ಕೊಡುಗೆಗೆ ತಾನೇ ಕುರ್ಚಿ ಹಾಕುವ ಜಾತಿ ಅವಳದು. ಇಬ್ಬರೂ ಎಷ್ಟು ಹೊತ್ತಿನಿಂದ ಹಾಗಿದ್ದರೋ, ಕುರ್ಚಿ ನೆಲಕ್ಕೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನನ್ನ ತಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. ವೈರು ಸಿಕ್ಕಿಸಿದ. ಎರಡು ಕಡತಗಳೂ ಆ ಬಿಳಿ ಹೊದಿಕೆಯ ಮೇಲೆ ದೊಡ್ಡದಾಗಿ ಮೂಡಿದವು. ಒಂದಕ್ಕೆ ‘ಸಿಸ್ಟರ್ ಇರುವುದು’ ಎಂದು ಹೆಸರು ಕೊಟ್ಟಿದ್ದ, ಇನ್ನೊಂದಕ್ಕೆ ‘ಸಿಸ್ಟರ್ ಇಲ್ಲದ್ದು’ ಎಂದು. ತನಗೆ ಗುರುತು ಸಿಗಲಿ ಎಂದು ಹಾಗೆ ಬರೆದುಕೊಂಡಿದ್ದನೇ ಹೊರತು, ವೈರು ಸಿಕ್ಕಿಸಿದರೆ ಎಲ್ಲವೂ ಗೋಡೆಗೆ ಹತ್ತುತ್ತದೆ ಎಂಬುದು ಆ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಉದ್ದನೆ ಸಿಸ್ಟರ್ ಏಣಿಯ ಮೇಲಿಂದ, ಅರೆ ಮೊಳ ದೂರದಲ್ಲಿ, ಅದನ್ನು ಓದಿದಳು. ಈಗಿನ ಕನ್ನಡಕದಲ್ಲಿ ಆಕೆಗೆ ಚೆನ್ನಾಗಿಯೇ ಕಾಣುತ್ತದೆ. ಬಾಯಿಂದ ಕ್ಲಿಪ್ಪು ತೆಗೆದಳು.

‘ಇನ್ನೊಂದು ಮೂಲೆ ಬೇರೆ ಯಾರ ಹತ್ರಾನಾದ್ರೂ ಹಾಕಿಸಿಕೊಳ್ಳಿ’ ಎಂದಳು. ‘ನಾನು ಇಳೀತೀನಿ.’

ತಮ್ಮನ ಹೆಂಡತಿ ತಿರುಗಿ ನೋಡಿದಳು. ಹೊದಿಕೆಯ ಮೇಲಿದ್ದುದನ್ನು ಅವಳೂ ಓದಿದಳು.

ಇಂಥ ಹೊತ್ತಿನಲ್ಲಿ ನನ್ನ ತಮ್ಮ ಏನು ಮಾಡುತ್ತಾನೆಂದು ನನಗೆ ಅರವತ್ತು ವರ್ಷದಿಂದ ಗೊತ್ತು. ವೈರು ಕಿತ್ತು, ‘ಅಯ್ಯೋ, ಅದು ಹಾಗಲ್ಲ’ ಎಂದು ಇಬ್ಬರಿಗೂ ಒಂದೊಂದು ಸಮಾಧಾನ ಹೇಳಿ, ಕುಡಿಯುವ ನೀರು ತರುವ ನೆಪದಲ್ಲಿ ಹೊರಗೆ ಹೋಗಬೇಕು. ನಾನು ನೀರಿನ ಬಾಟಲಿಯನ್ನು ಅವನಿಗೆ ಕಾಣದಂತೆ ಕುರ್ಚಿಯ ಹಿಂದೆ ಸರಿಸಿಟ್ಟೆ.

ಅವನು ಹೋಗಿ ಏಣಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

‘ಬಿಡಿ, ಇಳೀಬೇಕು’ ಎಂದಳು ಉದ್ದನೆ ಸಿಸ್ಟರ್.

‘ಬಿಡಲ್ಲ.’

‘ಏನಂದ್ರಿ?’

‘ಬಿಡಲ್ಲ ಸಿಸ್ಟರ್. ಒಂದು ಮಾತಿದೆ, ಅದು ಮುಗೀಲಿ.’ ಆಮೇಲೆ ಹೆಂಡತಿಯ ಕಡೆಗೆ ನೋಡದೆಯೇ, ‘ನೀನೂ ಬಾ ಇಲ್ಲಿ’ ಎಂದ.

‘ಯಾವುದು ಹಾಕ್ಬೇಕು ಅಂತ ಕೇಳೋಕಾದ್ರೆ ನಾನು ಬರಲ್ಲ’ ಎಂದಳು ಹೆಂಡತಿ.

‘ಅದಲ್ಲ. ಬಾ.’

ಅವಳು ಬಂದಳು, ಕೈಯಲ್ಲಿ ಸಾಲಿಗೆ ಹಾಕಬೇಕಾಗಿದ್ದ ಕುರ್ಚಿ ಹಾಗೇ ಇತ್ತು. ಅವನು ಹೊದಿಕೆಯನ್ನೇ ನೋಡುತ್ತ, ಅಕ್ಷರದ ಹಲಗೆ ಓದುವವನ ಹಾಗೆ ಒಂದೇ ಸಮನೆ ಹೇಳಿದ:

‘ಆವತ್ತು ಇವರ ಕಣ್ಣಲ್ಲಿ ಪೊರೆ ಕಂಡಿತ್ತು. ಇವರಿಗೆ ಚೆನ್ನಾಗಿದೆ ಅಂದೆ. ನಿನಗೆ ಸರಿಯಿಲ್ಲ ಅಂದೆ. ನೀನು ಬಂದು ಕೇಳಿದಾಗ ನೆನಪಿಲ್ಲ ಅಂದೆ. ನೆನಪಿತ್ತು. ಇವರು ಸುಳ್ಳು ಹೇಳ್ಲಿಲ್ಲ. ನೀನೂ ಕುರ್ಚಿಗೋಸ್ಕರ ಮಾಡ್ಲಿಲ್ಲ.’

ಏಣಿಯ ಮೇಲೆ ಉದ್ದನೆ ಸಿಸ್ಟರ್ ಕೂತುಬಿಟ್ಟಳು, ಇದ್ದ ಮೆಟ್ಟಿಲ ಮೇಲೆಯೇ. ತಮ್ಮನ ಹೆಂಡತಿ ಕುರ್ಚಿಯನ್ನು ಕೆಳಗಿಟ್ಟಳು.

‘ಹನ್ನೊಂದು ವರ್ಷ’ ಎಂದಳು ಅವಳು. ‘ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೀನಿ, ರೀ. ಮಂಡಿನೋವು ಇಟ್ಟುಕೊಂಡು.’

‘ಹೂಂ.’

‘ಆವಾಗ್ಲೇ ಹೇಳಿದ್ರೆ ನಾನೇ ರಜೆ ಹಾಕಿ ಕಣ್ಣಿಗೆ ಆಪರೇಷನ್ ಮಾಡಿಸ್ಕೊಂಡು ಥಿಯೇಟರಿಗೇ ಬರ್ತಿದ್ದೆ’ ಎಂದಳು ಮೇಲಿನವಳು. ದನಿ ಏರಿರಲಿಲ್ಲ. ‘ಇವರು ನನ್ನನ್ನ ಹನ್ನೊಂದು ವರ್ಷ ದಿಂಬಿನ ಚೀಲ ಎಣಿಸೋಕೆ ಹಾಕಿದ್ರಲ್ಲ ಕಣೇ.’

‘ಕಣೇ’ ಎಂದಿದ್ದು ತಮ್ಮನ ಹೆಂಡತಿಗೆ. ಇಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಇಬ್ಬರ ಕಣ್ಣೂ ಅವನ ಮೇಲಿತ್ತು. ಎರಡು ಮುಖಗಳೂ ಚೆನ್ನಾಗಿ ಸಪ್ಪಗಾಗಿದ್ದವು, ಅದಕ್ಕಿಂತಲೂ ಕೆಟ್ಟದ್ದು ಬರುವುದರಲ್ಲಿತ್ತು. ಅವನು ನಿಂತಲ್ಲೇ ನಿಂತಿದ್ದ.

ಆಗ ಬಾಗಿಲು ತೆರೆದುಕೊಂಡಿತು. ಮೈಕು, ಅವಳ ಹಿಂದೆ ಕೇಕಿನ ಪೆಟ್ಟಿಗೆ, ಅದರ ಹಿಂದೆ ಇಪ್ಪತ್ತು ಮೂವತ್ತು ನರ್ಸುಗಳು.

‘ಸಾರ್, ರೆಡಿನಾ? ಶುರು ಮಾಡೋಣ್ವಾ? ಸೂಪರಿಂಟೆಂಡೆಂಟ್ ಬರ್ತಿದಾರೆ, ಅವರಿಗೆ ನಾಲ್ಕು ಗಂಟೆಗೆ ಬೇರೆ ಮೀಟಿಂಗು!’

ಆ ಹೆಂಗಸಿಗೆ ಸೂಪರಿಂಟೆಂಡೆಂಟರೇ ಎದುರು ಹೇಳುವುದಿಲ್ಲ. ನನ್ನ ತಮ್ಮ ಏಣಿ ಬಿಟ್ಟು ಬಾಗಿಲಿಗೆ ಬಂದ.

‘ಇಲ್ಲ’ ಎಂದ. ‘ಆಮೇಲೆ ಬನ್ನಿ.’

‘ಆಮೇಲೆ ಅಂದ್ರೆ ಎಷ್ಟು ಹೊತ್ತು ಸಾರ್?’

‘ಗೊತ್ತಿಲ್ಲ. ಇವರು ನನಗೆ ಹೇಳೋದೆಲ್ಲ ಹೇಳಿ ಮುಗಿಸಬೇಕು.’

ಮೈಕು ಹಿಂದೆ ಸರಿದಳು, ಕೇಕಿನ ಪೆಟ್ಟಿಗೆಯೂ ಅವಳ ಜೊತೆ ಹಿಂದೆ ಸರಿಯಿತು. ಅವನು ಬಾಗಿಲಿನ ಹಿಡಿ ಹಿಡಿದು, ನಾನು ಕೂತಿದ್ದ ಕಡೆಗೆ ತಿರುಗಿದ.

‘ಅಕ್ಕ, ನೀನೂ ಹೊರಗೆ ಹೋಗು.’

ನಾನು ಎದ್ದು ಹೊರಗೆ ಬಂದೆ. ಅವನು ಒಳಗಿನಿಂದ ಚಿಲಕ ಹಾಕಿಕೊಂಡ.